ಡಿಸ್ಪ್ಯಾಚ್‌ಗೆ ಹೋಗುತ್ತಮ್ಮ

ನಿನ್ನೆ ಪಾಲಿಟೆಕ್ನಿಕ್ ಮೇಷ್ಟ್ರ ಫೋನು. "ಸಾರ್, ಇಂಟರ್ನ್‌ಶಿಪ್ ಫಾರಂನಲ್ಲಿ ಕಾಲಂ ಬಿಟ್ಟು ಆಚೆ ಏನೋ ಬರೆದಿದ್ದೀರಿ. ಹೊಸ ಫಾರಂ ಕಳಿಸ್ತೀನಿ, ಮಾರ್ಕ್ಸ್ ಮಾತ್ರ ತುಂಬಿಕೊಡಿ." ನಮ್ಮಲ್ಲಿ ಇಂಟರ್ನ್ ಆಗಿದ್ದ ಹುಡುಗಿಯ ಫಾರಂ ಅದು. ಅವಳು ಇಲ್ಲಿದ್ದ ಅಷ್ಟೂ ದಿನ ಈ ಮಹಾಶಯರು ಪೀಣ್ಯದ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ನಮ್ಮದು ಮಷೀನಿನ ಬಿಡಿಭಾಗ ಮಾಡಿಕೊಡುವ ಹನ್ನೊಂದು ಜನರ ಶೆಡ್ಡು. 30 ಮತ್ತು ಮೇಲ್ಪಟ್ಟು ಕೆಲಸಗಾರರಿದ್ದರೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕೆಂಬ ಕಾನೂನು ನಮ್ಮ ಬಾಗಿಲಿಗೆ ಬರುವುದಿಲ್ಲ. ಬರುವವರು ಕೊನೇ ಸೆಮಿಸ್ಟರಿನ ಡಿಪ್ಲೊಮಾ ಹುಡುಗರು. ಅವರಲ್ಲೂ ಅರ್ಧ ಜನ "ಬರೋದೇನೂ ಬೇಡ ಸಾರ್, ಸೀಲು ಹಾಕಿ ಸರ್ಟಿಫಿಕೇಟ್ ಕೊಟ್ರೆ ಸಾಕು" ಅನ್ನುವವರು. ಇವಳ ಊರು ಹಿರಿಯೂರು ಕಡೆ, ಇದ್ದದ್ದು ಇಲ್ಲೇ ಬೆಂಗಳೂರಿನಲ್ಲಿ. ಎರಡು ಬಸ್ ಬದಲಿಸಿ ಎಂಟೂವರೆಗೆಲ್ಲ ಬಂದು ನಿಂತಿರುತ್ತಿದ್ದಳು. ನಮ್ಮ ಸೂಪರ್‌ವೈಸರ್ ಒಳ್ಳೆಯವನೇ, ಆದರೆ ಹೆಣ್ಣುಮಕ್ಕಳಿಗೆ ಮಷೀನು ಯಾಕೆ ಅನ್ನುವ ಪೈಕಿ. ಪೀಸ್ ಎಣಿಸಲು ಕೂರಿಸಿದ.

ಮೂರನೇ ದಿನ ಒಂದು ಬುಷ್, ಅಂದರೆ ಶಾಫ್ಟ್ ಕೂರುವ ಲೋಹದ ಬಳೆ, ಹಿಡಿದುಕೊಂಡು ಅವನ ಹತ್ತಿರ ಬಂದಳು.

"ಇದು ಎಲ್ಲಿಗೆ ಹೋಗುತ್ತೆ ಸಾರ್?"

"ಡಿಸ್ಪ್ಯಾಚ್‌ಗೆ ಹೋಗುತ್ತಮ್ಮ."

"ಆಮೇಲೆ?"

ಸೂಪರ್‌ವೈಸರ್ ನನ್ನ ಮುಖ ನೋಡಿದ. ನಾನು ಆಪರೇಟರ್ ಮುಖ ನೋಡಿದೆ. ಅವನು ಮಷೀನಿನ ಬಾಗಿಲು ತೆಗೆದು ಒಳಗೆ ಇಣುಕಿದ, ಉತ್ತರ ಮಷೀನು ತಣ್ಣಗಿಡುವ ಕೂಲೆಂಟಿನಲ್ಲಿ ಬಿದ್ದಿದೆಯೇನೋ ಎಂಬಂತೆ. ಆರು ವರ್ಷದಿಂದ ಅದೇ ಬುಷ್ ಮಾಡುತ್ತಿದ್ದೇವೆ. ಡ್ರಾಯಿಂಗಿನಲ್ಲಿ ಅಳತೆಯಿದೆ, ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಟಾಲರೆನ್ಸ್ ಇದೆ, ಪಾರ್ಟ್ ನಂಬರ್ ಇದೆ. ಆಮೇಲೆ? ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಮಾನ ಹೋಯಿತಲ್ಲ ಎಂದು ಬುಷ್ ಕೊಳ್ಳುವ ಪಾರ್ಟಿಯ ಕ್ವಾಲಿಟಿಯವರಿಗೆ ಫೋನ್ ಹಚ್ಚಿದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿಗಂತೆ. ನಾವು ಎಮರಿ ಕಾಗದ ಉಜ್ಜಿ ಫಳಫಳ ಮಾಡಿ ಕಳಿಸುತ್ತಿದ್ದ ಮುಖ ಪಂಪಿನ ಹೊರಕವಚದ ಒಳಗೆ ಮುಚ್ಚಿಹೋಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಬರ್, ಅಂದರೆ ಕತ್ತರಿಸಿದಾಗ ಉಳಿಯುವ ಚೂಪು ಸಿಬಿರು, ಉಳಿದರೂ ಅದು ಶಾಫ್ಟನ್ನು ಗೀರುತ್ತದೆ. ಹಿಂದೆ ಎರಡು ಸಲ ಲಾಟ್ ವಾಪಸ್ ಬಂದಾಗ ಇದನ್ನೇ ಅವರು ಹೇಳಿದ್ದಿರಬೇಕು. ನಾವು ಜಗಳಕ್ಕೆ ನಿಂತಿದ್ದೆವು, ಕೇಳಿಸಿಕೊಳ್ಳಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. "ಆಮೇಲೆ?" ಅಂದಾಗ ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಅದೇ ಚುಚ್ಚಿದ್ದು. ನಾನು ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿದ್ದಾಗ ಮೂರು ತಿಂಗಳು ಬರೀ ಅರ ಹಿಡಿಸಿದ್ದರು. ಇದು ಯಾತಕ್ಕೆ ಎಂದು ಒಮ್ಮೆ ಕೇಳಿದೆ. "ಹೇಳಿದಷ್ಟು ಮಾಡು" ಅಂದರು. ಅವತ್ತು ಬಾಯಿ ಮುಚ್ಚಿದವನು ಮುಂದೆ ಬಂದ ಹುಡುಗರಿಗೆಲ್ಲ ಅದೇ ಮಾತು ದಾಟಿಸುತ್ತ ಬಂದೆ. ಎಷ್ಟು ಜನ ಬಾಯಿ ಮುಚ್ಚಿರಬಹುದು? ಇಂಟರ್ನ್‌ಗಳಿಂದ ನಮಗೇನು ಲಾಭ, ಕರೆಂಟು ದಂಡ, ಮೆಟೀರಿಯಲ್ ದಂಡ ಎಂದು ಪಕ್ಕದ ಶೆಡ್ಡಿನವರ ಜೊತೆ ಟೀ ಕುಡಿಯುತ್ತ ನಾನೇ ಹೇಳಿದ್ದುಂಟು. 2019ರ ನಿಯಮದಲ್ಲಿ ಡಿಪ್ಲೊಮಾ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ ಅಂತಿತ್ತು. ಇವಳು ಇಂಟರ್ನ್ ಅಲ್ಲವೇ, ಊಟ, ಬಸ್ ಚಾರ್ಜ್ ಕೊಟ್ಟು ಕೈ ತೊಳೆದುಕೊಂಡಿದ್ದೆ. ವಾಪಸ್ ಬಂದ ಲಾಟಿನ ಲೆಕ್ಕ ಹಾಕಲು ಕೂತು ಅರ್ಧಕ್ಕೇ ಕ್ಯಾಲ್ಕುಲೇಟರ್ ಕೆಳಗಿಟ್ಟೆ.

ಫಾರಂನ ಅಂಚಿನಲ್ಲಿ ನಾನು ಬರೆದದ್ದು ಇಷ್ಟೇ: "ಆರು ವರ್ಷ ನಾವು ಕೇಳದೇ ಇದ್ದದ್ದನ್ನು ಮೂರನೇ ದಿನ ಕೇಳಿದಳು." ಹೊಸದು ಇವತ್ತು ವಾಟ್ಸಾಪಿಗೆ ಬಂತು. ಶಿಸ್ತಿಗೆ ಹತ್ತು, ಹಾಜರಿಗೆ ಹತ್ತು. ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಈ ಸಲ ಅಂಚಿನಲ್ಲಿ ಜಾಗ ಇನ್ನೂ ಕಡಿಮೆ ಇದೆ, ಸಣ್ಣಕ್ಷರದಲ್ಲಿ ಬರೆಯಬೇಕು.