ಎಡಿಎಚ್‌ಡಿ ಇರುವ ಮಗುವಿಗೆ ಶಾಲೆ: ಎಲ್‌ಕೆಜಿ ಬಿಡಿ, ಆರನೇ ತರಗತಿ ನೋಡಿ

ಅಡ್ಮಿಷನ್ ಕಾಲ ಬಂತೆಂದರೆ ಎಲ್ಲರ ಬಾಯಲ್ಲೂ ಅದೇ ಮಾತು: ಸಿಬಿಎಸ್‌ಇ ಒಳ್ಳೆಯದಾ, ಐಸಿಎಸ್‌ಇ ಒಳ್ಳೆಯದಾ, ಸ್ಟೇಟ್ ಸಿಲಬಸ್ ಸಾಕಾ? ಎಡಿಎಚ್‌ಡಿ (ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ಸ್ಥಿತಿ) ಇರುವ ಮಗುವಿನ ಮಟ್ಟಿಗೆ ಇದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಬೋರ್ಡ್ ಯಾವುದೇ ಇರಲಿ, ಮಗು ದಿನಕ್ಕೆ ಆರೇಳು ಗಂಟೆ ಕೂರುವುದು ಒಂದು ಕೋಣೆಯಲ್ಲಿ. ಆ ಕೋಣೆಯಲ್ಲಿ ನೋಟ್‌ಬುಕ್ ಮರೆತು ಬಂದ ಹುಡುಗನಿಗೆ ಏನಾಗುತ್ತದೆ, ಪಾಠದ ನಡುವೆ ಎದ್ದು ನಿಂತ ಹುಡುಗಿಗೆ ಏನನ್ನುತ್ತಾರೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು.

ಹೆಚ್ಚಿನವರು ಎಡವುವುದು ಎಲ್‌ಕೆಜಿ ನೋಡಿ ಶಾಲೆ ಆರಿಸುವುದರಲ್ಲಿ. ಎಲ್‌ಕೆಜಿಯಲ್ಲಿ ಎಲ್ಲ ಶಾಲೆಗಳೂ ಚೆಂದ. ಒಬ್ಬ ಮಿಸ್, ಒಬ್ಬ ಆಯಾ, ಬಣ್ಣದ ಗೋಡೆ, ಅರ್ಧ ಗಂಟೆಗೊಮ್ಮೆ ಹಾಡು, ಆಟ. ಮಗು ಓಡಾಡಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಜವಾದ ಪರೀಕ್ಷೆ ಶುರುವಾಗುವುದು ಐದು, ಆರನೇ ತರಗತಿಯಲ್ಲಿ. ಒಬ್ಬ ಮಿಸ್ ಜಾಗಕ್ಕೆ ಏಳೆಂಟು ಸಬ್ಜೆಕ್ಟ್ ಟೀಚರ್‌ಗಳು ಬರುತ್ತಾರೆ. ನಲವತ್ತು ನಿಮಿಷಕ್ಕೊಂದು ಪೀರಿಯಡ್, ಮೂರು ಭಾಷೆ, ಕ್ಲಾಸ್‌ವರ್ಕ್‌ಗೊಂದು ಹೋಮ್‌ವರ್ಕ್‌ಗೊಂದು ನೋಟ್‌ಬುಕ್, ಮೂರು ವಾರದ ಪ್ರಾಜೆಕ್ಟ್. ಎಡಿಎಚ್‌ಡಿಯಲ್ಲಿ ವಯಸ್ಸಾಗುತ್ತ ಹೋದಂತೆ ಓಡಾಟ, ಕುಣಿತ ಸಾಮಾನ್ಯವಾಗಿ ತಗ್ಗುತ್ತದೆ. ಕೆಲಸ ಶುರು ಮಾಡುವುದು, ಮುಗಿಸುವುದು, ಹೊತ್ತಿನ ಅಂದಾಜು, ಹೇಳಿದ ಮೂರು ಮಾತಲ್ಲಿ ಮೂರನ್ನೂ ನೆನಪಿಟ್ಟುಕೊಳ್ಳುವುದು, ಈ ತೊಂದರೆಗಳು ಹಾಗೇ ಉಳಿಯುತ್ತವೆ. ಆರನೇ ತರಗತಿಯ ಹೊಸ ಏರ್ಪಾಡು ಬೇಡುವುದು ಈ ಕೆಲಸಗಳನ್ನೇ. ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರುವ, ಯಾರಿಗೂ ತೊಂದರೆ ಕೊಡದ ಮಕ್ಕಳ ಎಡಿಎಚ್‌ಡಿ ಮೊದಲ ಸಲ ಕಣ್ಣಿಗೆ ಬೀಳುವುದೂ ಎಷ್ಟೋ ಸಲ ಇಲ್ಲೇ. ಅವರಲ್ಲಿ ಹುಡುಗಿಯರು ಬಹಳ.

ಹಾಗಾಗಿ ಶಾಲೆ ನೋಡಲು ಹೋದಾಗ ನಿಮ್ಮ ಮಗುವಿಗೆ ನಾಲ್ಕು ವರ್ಷವಾಗಿದ್ದರೂ ಆರನೇ ತರಗತಿ ತೋರಿಸಿ ಎಂದು ಕೇಳಿ, ಅದೂ ಕೊನೆಯ ಪೀರಿಯಡ್ ಹೊತ್ತಿಗೆ. ಆ ಕೊನೆಯ ಎರಡು ನಿಮಿಷ ನೋಡಿದರೆ ಸಾಕು. ಟೀಚರ್ ಬೋರ್ಡಿನ ಮೂಲೆಯಲ್ಲಿ ‘ಪುಟ 47, ಪ್ರಶ್ನೆ 3 ಮತ್ತು 5, ನಾಳೆ ಗ್ರಾಫ್ ಶೀಟ್’ ಎಂದು ಬರೆಯುತ್ತಾರೆ. ಬೆಲ್ ಹೊಡೆಯುತ್ತದೆ. ನಲವತ್ತು ಬ್ಯಾಗುಗಳ ಜಿಪ್ ಒಟ್ಟಿಗೆ ಸದ್ದು ಮಾಡುತ್ತವೆ. ನಮ್ಮ ಮಗು ಡೈರಿ ಹುಡುಕಿ ತೆಗೆದು ‘ಪುಟ’ ಎಂದು ಬರೆಯುವಷ್ಟರಲ್ಲಿ ಪಕ್ಕದವನ ಮೊಣಕೈ ತಾಗುತ್ತದೆ, ಗಮನ ಅತ್ತ ಹೋಗುತ್ತದೆ, ತಲೆ ಎತ್ತಿದರೆ ಬೋರ್ಡ್ ಒರೆಸಿಯಾಗಿದೆ. ಮಾರನೇ ದಿನ ಡೈರಿಯಲ್ಲಿ ಕೆಂಪಿಂಕಿನಲ್ಲಿ ‘ಹೋಮ್‌ವರ್ಕ್ ಮಾಡಿಲ್ಲ’. ಮಾಡದೆ ಇದ್ದದ್ದು ಹೌದು, ಆದರೆ ತಪ್ಪಿದ್ದು ಬರೆದುಕೊಳ್ಳುವ ಹಂತದಲ್ಲಿ.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಹೋಮ್‌ವರ್ಕನ್ನು ಪೀರಿಯಡ್ಡಿನ ಶುರುವಿನಲ್ಲೇ ಬರೆಸಬಹುದು, ಸಂಜೆ ಇಷ್ಟು ಗಂಟೆಯೊಳಗೆ ಆ್ಯಪ್‌ನಲ್ಲಿ ಹಾಕಬಹುದು, ಇಲ್ಲವೇ ಕ್ಲಾಸ್ ಟೀಚರ್ ಹೊರಡುವ ಮುಂಚೆ ಈ ಒಂದು ಮಗುವಿನ ಡೈರಿ ನೋಡಿ ಸಹಿ ಹಾಕಬಹುದು. ಹೀಗೆ ಮಾಡುತ್ತೀರಾ ಎಂದು ನೇರವಾಗಿ ಕೇಳಿ. ‘ಮಾಡೋಣ, ಆದರೆ ಎಲ್ಲ ಟೀಚರ್‌ಗಳೂ ಆ್ಯಪ್‌ನಲ್ಲಿ ಹಾಕಲ್ಲ, ಗಣಿತ, ವಿಜ್ಞಾನಕ್ಕೆ ಖಂಡಿತ ಮಾಡ್ತೀವಿ’ ಎಂದರೆ ಅದು ನಂಬಬಹುದಾದ ಉತ್ತರ. ‘ದೊಡ್ಡ ಕ್ಲಾಸ್‌ಗೆ ಬಂದ ಮೇಲೆ ಜವಾಬ್ದಾರಿ ಕಲೀಬೇಕಲ್ವಾ’ ಎಂದರೆ ಮುಂದಿನ ಶಾಲೆ ನೋಡಿ. ನೋಟ್‌ಬುಕ್‌ಗಳ ಬಗ್ಗೆಯೂ ಕೇಳಿ. ಹನ್ನೆರಡು ಪುಸ್ತಕಕ್ಕೂ ಒಂದೇ ಬ್ರೌನ್ ಪೇಪರ್ ಬೈಂಡ್ ಹಾಕಬೇಕು ಎನ್ನುವ ಶಾಲೆ, ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸಲು ಬಿಡುತ್ತದಾ? ಗಣಿತಕ್ಕೆ ನೀಲಿ, ಕನ್ನಡಕ್ಕೆ ಹಳದಿ ಎಂದಾದರೆ ಬೆಳಗಿನ ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಶಿಸ್ತು. ಹೊಡೆಯುವುದು, ಮಾನಸಿಕ ಕಿರುಕುಳ ಕೊಡುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ‘ನಮ್ಮಲ್ಲಿ ಹೊಡೆಯಲ್ಲ’ ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ್ದು ಆಟದ ಪೀರಿಯಡ್ ಬಗ್ಗೆ. ವಾರಕ್ಕೆ ಎಷ್ಟು? ಬರವಣಿಗೆ ಮುಗಿಸದ ಮಗುವನ್ನು ಪಿಟಿಗೆ ಬಿಡದೆ ಕೂರಿಸಿ ಬರೆಸುತ್ತಾರಾ? ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್ಡನ್ನು ಯಾವ ಟೀಚರ್ ತೆಗೆದುಕೊಳ್ಳುತ್ತಾರೆ? ಮೈ ದಣಿದ ಮೇಲೆಯೇ ಗಮನ ಕೂಡುವ ಮಗುವಿನಿಂದ ಆಟ ಕಿತ್ತುಕೊಂಡರೆ ಮುಂದಿನ ಎರಡು ಪೀರಿಯಡ್ ಟೀಚರ್‌ಗೇ ಕಷ್ಟ. ಈ ಪ್ರಶ್ನೆಗೆ ನಿಜವಾದ ಉತ್ತರ ಪ್ರಿನ್ಸಿಪಾಲರ ಕೋಣೆಯಲ್ಲಿ ಸಿಗುವುದಿಲ್ಲ. ಗೇಟಿನ ಹತ್ತಿರ ಬಸ್ಸಿಗೆ ಕಾಯುವ ಮಕ್ಕಳನ್ನು ಕೇಳಿದರೆ ಪಟಪಟನೆ ಹೇಳುತ್ತವೆ.

ತರಗತಿಯಲ್ಲಿ ಎಷ್ಟು ಮಕ್ಕಳು ಎನ್ನುವುದಕ್ಕೂ ತೂಕವಿದೆ. ಕಾಯ್ದೆ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು, ಆರರಿಂದ ಎಂಟಕ್ಕೆ 35ಕ್ಕೆ ಒಬ್ಬರು ಎನ್ನುತ್ತದೆ. ಆದರೆ ಬರೀ ಸಂಖ್ಯೆ ನೋಡಿ ಮರುಳಾಗಬೇಡಿ. ಅರ್ಧ ಗೋಡೆಯ ‘ಓಪನ್’ ಕ್ಲಾಸ್‌ರೂಮಿನ 22 ಮಕ್ಕಳಿಗಿಂತ, ಬಾಗಿಲು ಹಾಕಿದರೆ ಸದ್ದು ನಿಲ್ಲುವ ಕೋಣೆಯ 36 ಮಕ್ಕಳ ನಡುವೆ ಇಂಥ ಮಗು ಚೆನ್ನಾಗಿ ಕಲಿಯಬಹುದು. ಮೊದಲ ಎರಡು ಸಾಲಿನಲ್ಲಿ, ಬಾಗಿಲು ಕಿಟಕಿಗಳಿಂದ ದೂರ, ಶಾಂತ ಸ್ವಭಾವದ ಮಗುವಿನ ಪಕ್ಕ ಜಾಗ ಬೇಕು. ವಾರಕ್ಕೊಮ್ಮೆ ಸಾಲು ಬದಲಿಸುವ ಪದ್ಧತಿ ಇರುವ ಶಾಲೆಗಳಲ್ಲಿ ಈ ಮಗುವಿಗೆ ಮಾತ್ರ ವಿನಾಯಿತಿ ಕೊಡುತ್ತಾರಾ ಎಂದು ಖಚಿತ ಮಾಡಿಕೊಳ್ಳಿ.

‘ನಮ್ಮಲ್ಲಿ ಫ್ರೀಡಂ ಜಾಸ್ತಿ’ ಎನ್ನುವ ಶಾಲೆಗಳ ಬಗ್ಗೆ ಒಂದು ಮಾತು. ಮಾಂಟೆಸರಿಯಲ್ಲಿ ಎದ್ದು ಓಡಾಡಲು ಅವಕಾಶವಿರುವುದರಿಂದ ಚಿಕ್ಕ ಮಕ್ಕಳಿಗೆ ಹಿತ. ಆದರೆ ಮುಂದೇನು ಮಾಡಬೇಕೆಂದು ತಾನೇ ಆರಿಸಿಕೊಳ್ಳಬೇಕಾದಲ್ಲಿ ಗಮನ ಚದುರುವ ಮಗು ಇಡೀ ಬೆಳಗ್ಗೆ ಏನೂ ಆರಿಸದೆಯೇ ಕಳೆಯಬಹುದು, ಗದ್ದಲ ಮಾಡದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ಐಬಿ ಥರದ ಅಂತಾರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ಬಾಯಿಪಾಠ ಕಡಿಮೆ, ಆದರೆ ವಾರಗಟ್ಟಲೆ ನಡೆಯುವ ಪ್ರಾಜೆಕ್ಟುಗಳು ಹೆಚ್ಚು. ಅವನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಬೇರೆ ತಾರೀಖು ಕೊಡುವವರು ಇಲ್ಲದಿದ್ದರೆ ಕೊನೆಯ ರಾತ್ರಿ ಅಪ್ಪ ಅಮ್ಮ ಕೂತು ಅಂಟಿಸಬೇಕಾಗುತ್ತದೆ. ಸ್ಟೇಟ್ ಸಿಲಬಸ್‌ನ ಹಲವು ಶಾಲೆಗಳಲ್ಲಿ ಕಾಟ ಕೊಡುವುದು ಬೋರ್ಡಿನಿಂದ ಪುಟಗಟ್ಟಲೆ ಪ್ರಶ್ನೋತ್ತರ ನಕಲು ಮಾಡುವ ಕೆಲಸ. ನನ್ನ ಮತ ಕೇಳಿದರೆ, ದಿನವೂ ಒಂದೇ ಕ್ರಮದಲ್ಲಿ ನಡೆಯುವ, ಸಿಡುಕದ, ಹಳೇ ಕಾಲದ ಕಟ್ಟುನಿಟ್ಟಿನ ಟೀಚರ್ ಈ ಮಕ್ಕಳಿಗೆ ಸಿಗಬಹುದಾದ ದೊಡ್ಡ ಭಾಗ್ಯ.

ಸರ್ಕಾರಿ ಶಾಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ನಲಿ-ಕಲಿ ತರಗತಿಯನ್ನು ಒಮ್ಮೆ ನೋಡಬೇಕು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರರವರೆಗಿನ ಮಕ್ಕಳು ಗುಂಪಿನಲ್ಲಿ ಕೂತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ವೇಗದಲ್ಲಿ ಹತ್ತುತ್ತಾರೆ. ಕಾರ್ಡು ತರಲು, ಇಡಲು ಎದ್ದು ಓಡಾಡುವುದು ಪಾಠದ ಭಾಗವೇ. ತೊಡಕು ಬರುವುದು ನಾಲ್ಕನೇ ತರಗತಿಯಲ್ಲಿ ಪಠ್ಯಪುಸ್ತಕ, ಬೆಂಚು ಒಟ್ಟಿಗೆ ಎದುರಾದಾಗ. ಆ ವರ್ಷ ತಾಲ್ಲೂಕಿನ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಹೋಗಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಭೇಟಿ ಮಾಡಿ, ಶಾಲೆಗೆ ಬರುವಂತೆ ಕೇಳಿ.

ಭಾಷೆಯ ಹೊರೆಯನ್ನು ಮೊದಲೇ ತೂಗಿ ನೋಡಿ. ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಓದು ಬರಹದ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಇಂಗ್ಲಿಷ್ ಹೇಗೂ ಇದೆ. ಮೂರನೆಯದನ್ನು ಯಾವ ತರಗತಿಯಿಂದ ಶುರು ಮಾಡುತ್ತಾರೆ, ಅದು ಬರೀ ಮಾತಾ, ಬರವಣಿಗೆಯೂ ಇದೆಯಾ ಕೇಳಿ. ಒಂದನೇ ತರಗತಿಯಲ್ಲೇ ಮೂರು ಲಿಪಿ ಬರೆಸುವ ಶಾಲೆ ಈ ಮಗುವಿಗೆ ಬೇಡ.

ವಯಸ್ಸಿನ ವಿಚಾರಕ್ಕೆ ಬಂದರೆ, ಅವಸರ ಬೇಡ. ಒಂದೇ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಹೆಚ್ಚು ಬೀಳುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಗಡುವಿನ ಅಂಚಿನಲ್ಲಿ ಹುಟ್ಟಿದ ಮಗುವಾದರೆ ಯುಕೆಜಿಯಲ್ಲಿ ಇನ್ನೊಂದು ವರ್ಷ ಇದ್ದರೆ ನಷ್ಟವೇನೂ ಇಲ್ಲ.

ಮನೆಯಿಂದ ಶಾಲೆಗೆ ಎಷ್ಟು ದೂರ? ಬೆಂಗಳೂರಿನಲ್ಲಿ ಇದೊಂದೇ ಕಾರಣಕ್ಕೆ ದೊಡ್ಡ ಹೆಸರಿನ ಶಾಲೆಯನ್ನು ಕೈಬಿಡಬಹುದು. ಜಗಳಗಳು ಹುಟ್ಟುವುದೇ ಬಸ್ಸಿನಲ್ಲಿ. ಅಲ್ಲಿ ಟೀಚರ್ ಇರುವುದಿಲ್ಲ, ಡ್ರೈವರ್ ಮತ್ತು ಒಬ್ಬ ಆಯಾ ಅಷ್ಟೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುವ ಮಗುವಾದರೆ ಲೆಕ್ಕ ಇನ್ನೂ ಬಿಗಿ. ಸಾಮಾನ್ಯ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಆರೂವರೆಗೆ ನುಂಗಿ ಏಳಕ್ಕೆ ಬಸ್ ಹತ್ತಿದರೆ ಒಂದು ಗಂಟೆ ಟ್ರಾಫಿಕ್‌ನಲ್ಲೇ ಹೋಗುತ್ತದೆ, ಹತ್ತೂವರೆಗೆಲ್ಲ ಪರಿಣಾಮ ಇಳಿಯುತ್ತದೆ, ಗಣಿತ ಇರುವುದು ಹನ್ನೊಂದಕ್ಕೆ. ದೀರ್ಘಕಾಲ ಕೆಲಸ ಮಾಡುವ ಮಾತ್ರೆಗಳಿವೆ, ಅದನ್ನು ಡಾಕ್ಟರ್ ಹತ್ತಿರ ಮಾತಾಡಿ. ಶಾಲೆಯಲ್ಲಿ ಎರಡನೇ ಡೋಸ್ ಕೊಡಬೇಕಾದರೆ ಯಾರು ಕೊಡುತ್ತಾರೆ, ಎಲ್ಲಿ ಇಡುತ್ತಾರೆ, ಅವರು ರಜೆಯಲ್ಲಿದ್ದರೆ ಯಾರು ಎನ್ನುವ ಮೂರು ಪ್ರಶ್ನೆಗೂ ಉತ್ತರ ಬೇಕು. ಡಾಕ್ಟರ ಪತ್ರ ಕೊಟ್ಟಿರಿ. ಈ ಮಾತ್ರೆ ಹಸಿವನ್ನು ಕುಗ್ಗಿಸುತ್ತದೆ, ಡಬ್ಬಿ ಹೋದ ಹಾಗೇ ವಾಪಸ್ ಬರುತ್ತದೆ. ಮಾತ್ರೆಗೆ ಮುಂಚೆಯೇ ಹೊಟ್ಟೆ ತುಂಬ ತಿಂಡಿ ಆಗಿರಬೇಕು, ಡಬ್ಬಿ ಖಾಲಿ ಮಾಡಿಲ್ಲ ಎಂದು ಗದರಬಾರದು ಎಂದು ಟೀಚರ್‌ಗೆ ಗೊತ್ತಿರಬೇಕು.

ಸ್ಪೆಷಲ್ ಎಜುಕೇಟರ್ ಇದ್ದಾರೆ ಎಂದು ಬ್ರೋಷರ್‌ನಲ್ಲಿ ಹಾಕಿದ್ದರೆ, ಅವರೊಬ್ಬರಿಗೆ ಎಷ್ಟು ಮಕ್ಕಳು, ಟೀಚರ್ ರಜೆ ಹಾಕಿದಾಗ ಇವರನ್ನೇ ಸಬ್‌ಸ್ಟಿಟ್ಯೂಷನ್‌ಗೆ ಕಳಿಸುತ್ತಾರಾ ಕೇಳಿ. ಯಾವುದಾದರೂ ಮಗುವಿನ ಕಲಿಕಾ ಯೋಜನೆಯನ್ನು ಹೆಸರು ಮರೆಮಾಡಿ ತೋರಿಸಿ ಎನ್ನಿ. ‘ಗಮನ ಸುಧಾರಿಸುವುದು’ ಎಂದಷ್ಟೇ ಬರೆದಿದ್ದರೆ ಅದು ಕಡತಕ್ಕೆ ಬರೆದದ್ದು. ‘ಗಣಿತದ ಹತ್ತು ಲೆಕ್ಕದ ಹಾಳೆಯನ್ನು ಐದೈದರ ಎರಡು ಹಾಳೆ ಮಾಡಿ ಕೊಡುವುದು, ಮೊದಲನೆಯದಾದ ಮೇಲೆ ಎದ್ದು ಬಂದು ತೋರಿಸುವುದು’ ಎಂದಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಶ್ಯಾಡೋ ಟೀಚರ್ (ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಇದ್ದು ನೋಡಿಕೊಳ್ಳುವವರು) ತನ್ನಿ ಎಂದು ಶಾಲೆ ಶುರುವಿಗೇ ಷರತ್ತು ಹಾಕಿದರೆ ಹುಷಾರು. ಸಂಬಳ ನಿಮ್ಮ ತಲೆಗೆ, ಜೊತೆಗೆ ಕ್ಲಾಸ್ ಟೀಚರ್ ಆ ಮಗು ತನ್ನದಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಬುದ್ಧಿಮತ್ತೆ ಸಾಮಾನ್ಯವಾಗಿದ್ದು ಎಡಿಎಚ್‌ಡಿ ಮಾತ್ರ ಇರುವ ಮಗುವಿಗೆ ವಿಶೇಷ ಶಾಲೆಯ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಹೇಳಬೇಕಾ, ಮುಚ್ಚಿಡಬೇಕಾ? ಒಂದನೇ ತರಗತಿಯ ಪ್ರವೇಶಕ್ಕೆ ಮಗುವನ್ನೋ ಪೋಷಕರನ್ನೋ ಸಂದರ್ಶನ ಮಾಡಿ ಆಯ್ಕೆ ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಅಡಿ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000ದವರೆಗೆ ದಂಡವಿದೆ. ವಾಸ್ತವ ಬೇರೆಯೇ ಇದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಹೇಳುವುದೇ ಸರಿ. ಹೇಳಿದ್ದಕ್ಕೆ ಸೀಟು ಕೊಡದ ಶಾಲೆ, ಮುಚ್ಚಿಟ್ಟು ಸೇರಿಸಿದರೆ ಎರಡನೇ ತರಗತಿಯಲ್ಲಿ ಟಿಸಿ ತಗೊಳ್ಳಿ ಎನ್ನುತ್ತದೆ.

ಕಾಗದಪತ್ರದಲ್ಲಿ ಒಂದು ತೊಡಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ, ಆಟಿಸಂ ಇವೆ, ಎಡಿಎಚ್‌ಡಿ ಹೆಸರಿಲ್ಲ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ಎಸ್‌ಎಸ್‌ಎಲ್‌ಸಿಯಲ್ಲಿ ಲಿಪಿಕಾರರ ನೆರವು ಮುಂತಾದವಕ್ಕೆ ಪ್ರಮಾಣಪತ್ರ ಬೇಕೇ ಬೇಕು. ಹಾಗಾಗಿ ಓದು ಬರಹದಲ್ಲೂ ತೊಂದರೆ ಕಾಣುತ್ತಿದ್ದರೆ ಎಂಟು ವರ್ಷ ತುಂಬಿದ ಮೇಲೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ; ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಜಿಲ್ಲಾಸ್ಪತ್ರೆಯ ಡಿಇಐಸಿ ಕೇಂದ್ರದಿಂದಲೂ ಶುರು ಮಾಡಬಹುದು. ಒಂಬತ್ತನೇ ತರಗತಿಯ ಬೋರ್ಡ್ ನೋಂದಣಿಗೆ ಮುಂಚೆ ಈ ಕೆಲಸ ಮುಗಿದಿರಲಿ. ಆ ಹೊತ್ತಿಗೂ ಶಾಲೆ ಒಗ್ಗದಿದ್ದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್ ಇದೆ: 14 ತುಂಬಿದವರು ಐದು ವಿಷಯ ಆರಿಸಿಕೊಂಡು, ಐದು ವರ್ಷದೊಳಗೆ ಒಂದೊಂದಾಗಿ ಪಾಸು ಮಾಡಬಹುದು. ಆದರೆ ಮನೆಯಲ್ಲಿ ವೇಳಾಪಟ್ಟಿ ಹಿಡಿದು ಕೂರಿಸುವವರಿಲ್ಲದೆ ಅದನ್ನು ಆರಿಸಬೇಡಿ.

ಶಾಲೆ ಗೊತ್ತಾದ ಮೇಲೆ ಒಂದೇ ಪುಟದ ಹಾಳೆ ತಯಾರಿಸಿ. ಮೇಲೆ ಮಗು ಯಾವುದರಲ್ಲಿ ಚುರುಕು ಎಂಬ ಎರಡು ಸಾಲು. ಆಮೇಲೆ ಯಾವಾಗ ಕಷ್ಟವಾಗುತ್ತದೆ, ಏನು ಮಾಡಿದರೆ ಸರಿಹೋಗುತ್ತದೆ, ಏನು ಮಾಡಿದರೆ ಕೆಡುತ್ತದೆ. ಕೊನೆಗೆ ಎಲ್ಲಿ ಕೂರಿಸಬೇಕು, ಫೋನ್ ನಂಬರ್. ಹದಿನೈದು ಪುಟದ ರಿಪೋರ್ಟ್ ಆಫೀಸಿನ ಫೈಲಿಗಿರಲಿ, ಈ ಹಾಳೆ ಕ್ಲಾಸ್ ಟೀಚರ್ ಕೈಗೆ, ಪಿಟಿ ಮಾಸ್ಟರ್ ಕೈಗೆ, ಬಸ್ಸಿನ ಆಯಾಗೆ ಅರ್ಥವಾಗುವ ಭಾಷೆಯಲ್ಲಿ ಅವರಿಗೂ ಹೋಗಲಿ. ಟೀಚರ್ ಬದಲಾದಾಗ ಹಳೇ ಹಾಳೆ ಹಳೇ ಟೀಚರ್ ಡ್ರಾಯರ್‌ನಲ್ಲೇ ಉಳಿಯುತ್ತದೆ, ಆದ್ದರಿಂದ ಪ್ರತಿ ಜೂನ್‌ನ ಮೊದಲ ವಾರ ಹೊಸದು ಕೊಡಬೇಕು.