ಕಿಡ್ನಿ ಕೊಟ್ಟವರ ಚೀಟಿ

ಸರಸ್ವತಿಪುರಂನ ಲ್ಯಾಬೊಂದರಲ್ಲಿ ಈ ವಾರ ಅತ್ತಿಗೆ ಆಡಿದ ಮಾತೊಂದು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಔಷಧ ಅಣ್ಣನ ರಕ್ತದಲ್ಲಿ ಎಷ್ಟಿದೆ ಎಂದು ನೋಡಲು ರಕ್ತ ಕೊಟ್ಟಾಗಿತ್ತು. ಕೌಂಟರಿನ ಹುಡುಗಿ ಫೈಲಿನಲ್ಲಿದ್ದ ಇನ್ನೊಂದು ಚೀಟಿ ತೆಗೆದು, "ಮೇಡಂ, ಡೋನರ್‌ದೂ ಕ್ರಿಯಾಟಿನಿನ್, ಯೂರಿನ್ ಟೆಸ್ಟ್ ಬರೆದಿದ್ದಾರಲ್ಲ, ಮಾಡೋದಾ?" ಎಂದು ಕೇಳಿದಳು. "ನಂದೇನಿದೆ ಬಿಡಿ, ಮುಂದಿನ ಸಲ ಮಾಡಿಸಿದ್ರಾಯ್ತು" ಎಂದರು ಅತ್ತಿಗೆ.

ಅಣ್ಣನಿಗೆ ಕಿಡ್ನಿ ಕೊಟ್ಟವರು ಅವರೇ. ಬೆಳಗಿನ ಮಾತ್ರೆ ನುಂಗುವ ಮೊದಲೇ, ರಾತ್ರಿಯ ಮಾತ್ರೆಯಾಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ತೆಗೆಯಬೇಕಾದ್ದರಿಂದ, ಹಿಂದಿನ ರಾತ್ರಿ ಅಲಾರಂ ಇಟ್ಟವರೂ, ಫಾಯಿಲ್‌ನಿಂದ ಕತ್ತರಿಸಿದ ಮಾತ್ರೆಗಳನ್ನು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಬಂದವರೂ, ಸೂಜಿ ತೆಗೆದ ಕೂಡಲೇ ಕಾಯಿಸಿ ಆರಿಸಿದ ನೀರಿನ ಬಾಟಲಿ ಮುಂದೆ ಹಿಡಿದವರೂ ಅವರೇ. ಔಷಧದ ಮಟ್ಟ ಏರುಪೇರಾಗುತ್ತದೆಂದು ಮನೆಗೆ ಚಕ್ಕೋತ ಹಣ್ಣನ್ನೇ ತರುತ್ತಿಲ್ಲ. ಅಣ್ಣ ಕೆಟ್ಟವನಲ್ಲ, ಆದರೆ ತನ್ನ ಮಾತ್ರೆಗಳ ಹೆಸರನ್ನು ಅವನ ಬಾಯಿಂದ ನಾನು ಕೇಳಿಲ್ಲ.

ಅದೇ ಬೆಂಚಿನಲ್ಲಿ, ಕಸಿ ಮಾಡಿಸಿಕೊಂಡ ಹೆಂಡತಿಯನ್ನು ಮದ್ದೂರಿನ ಕಡೆಯಿಂದ ಕರೆತಂದಿದ್ದ ಒಬ್ಬರು ಕೂತಿದ್ದರು. ಅವರ ಕೈಲೂ ಅಂಥದ್ದೇ ಫೈಲು, ಅಂಥದ್ದೇ ಬಾಟಲಿ. ಅವರನ್ನು ಕಂಡು ಪಕ್ಕದ ಅಜ್ಜಿ, "ಹೆಂಡ್ರನ್ನ ಹಿಂಗೆ ನೋಡ್ಕೊಳ್ಳೋ ಗಂಡ ಸಿಗಬೇಕಲ್ಲಪ್ಪ, ಪುಣ್ಯವಂತೆ" ಎಂದರು. ಅತ್ತಿಗೆಗೆ ಅಂಥ ಮಾತು ಯಾರಿಂದಲೂ ಬರಲಿಲ್ಲ. ಹೊಗಳಿಸಿಕೊಂಡವರಿಗಾದರೂ ಅದರಿಂದ ಹಗುರಾಯಿತೇ? ನಿದ್ದೆಯ ಬಗ್ಗೆ ನಾನು ವಿಚಾರಿಸಿದರೆ ಅವರು ಸಾಲದ ಬಡ್ಡಿಯ ಲೆಕ್ಕ ಹೇಳಿದರು. ಗಂಡಸರ ಭಯ ಹೀಗೆ ದುಡ್ಡಿನ ಮಾತಾಗಿ, ರಜೆಯ ಮಾತಾಗಿ ಹೊರಬರುವುದನ್ನು ನಾನು ಬೇರೆ ಮನೆಗಳಲ್ಲೂ ಕಂಡಿದ್ದೇನೆ. ಆರೈಕೆ ಮಾಡುವವರ ಹೊರೆ ಅಳೆಯಲು ಬಳಸುವ ಜ಼ಾರಿಟ್ ಎಂಬ ಪ್ರಶ್ನಾವಳಿಯೊಂದಿದೆ. ಅಂಥದ್ದನ್ನು ಬಳಸಿದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಹೆಂಗಸರ ಹೊರೆಯೇ ಹೆಚ್ಚೆಂದು ಕಾಣುತ್ತದೆ. ಗಂಡಸರು ಬಾಯಿಬಿಡದಿರುವುದೂ ಅದಕ್ಕೆ ಒಂದಿಷ್ಟು ಕಾರಣವಿರಬಹುದು. ಆದರೆ ಅತ್ತಿಗೆಯಂಥವರ ಲೆಕ್ಕವೇ ಬೇರೆ, ಏಕೆಂದರೆ ಅವರು ಏಕಕಾಲಕ್ಕೆ ಶಸ್ತ್ರಚಿಕಿತ್ಸೆಯಾದವರೂ ಹೌದು, ಆರೈಕೆ ಮಾಡುವವರೂ ಹೌದು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಪಡೆಯುವ ಸರದಿ ಬಂದಾಗ, 1995ರಿಂದ 2021ರವರೆಗೆ ನಡೆದ 36,640 ಕಸಿಗಳಲ್ಲಿ ಅವರ ಪಾಲು 6,945 ಮಾತ್ರ. ಕಸಿಯ ಕಾಯುವ ಪಟ್ಟಿಯಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಬೇಕೆಂದು ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ 2025ರಲ್ಲಿ ರಾಜ್ಯಗಳಿಗೆ ಸೂಚಿಸಿದ್ದು ಸುಮ್ಮನೆ ಅಲ್ಲ.

ಕಿಡ್ನಿ ಕೊಟ್ಟವರು ಒಂದೇ ಕಿಡ್ನಿಯಲ್ಲಿ ಆರೋಗ್ಯವಾಗಿಯೇ ಬಾಳಬಹುದು, ನಿಜ. ಆದರೆ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದೆಯೇ ಎಂಬುದನ್ನು ನೋಡಿಸಿಕೊಳ್ಳಲೇಬೇಕು. "ನಂದೇನಿದೆ" ಎಂಬ ಮಾತಿಗೆ ನನಗೆ ಸಿಟ್ಟು ಬಂದದ್ದು ಅದಕ್ಕೇ. ಅದನ್ನು ಕೇಳಿಯೂ ಮೊಬೈಲಿನಿಂದ ತಲೆಯೆತ್ತದ ಅಣ್ಣನ ಮೇಲೆ ಇನ್ನೂ ಹೆಚ್ಚು ಬಂತು.

ಅಲ್ಲೇ ನಿಂತು ಎರಡು ಮಾತು ಆಡಿದೆ. ಅಣ್ಣ ನಿಜವಾಗಿಯೇ ಬೆಚ್ಚಿದ. ತಕ್ಷಣ ಎದ್ದು ದುಡ್ಡು ಕಟ್ಟಿದ, ಅತ್ತಿಗೆಯ ರಕ್ತವೂ ಟೆಸ್ಟಿಗೆ ಹೋಯಿತು. ರಿಪೋರ್ಟ್ ಸಂಜೆಗೆ ಎಂದರು. ಕಾರು ಹತ್ತುವಾಗ ಅವನು ಅತ್ತಿಗೆಗೆ, "ಇಂಥದ್ದನ್ನೆಲ್ಲ ನೀನು ನಂಗೆ ನೆನಪಿಸಬೇಕು ಕಣೆ" ಎಂದ. ಅತ್ತಿಗೆ ಹೂಂ ಎಂದು, ಅವನ ಮುಂದಿನ ಟೆಸ್ಟಿನ ದಿನಕ್ಕೆ ಫೋನಿನಲ್ಲಿ ಅಲಾರಂ ಇಡತೊಡಗಿದರು.