ಒಂದೇ ಕಾಯಿಯ ಬೀಜ, ಹದಿನೆಂಟು ಸಸಿ

20 ಅಕ್ಟೋಬರ್ 2024, ಭಾನುವಾರ

ಗುಳ್ಳ ಅನ್ನುವ ದುಂಡು ಬದನೆಯ ಸಸಿಗಳನ್ನು ಇವತ್ತು ಸಂಜೆ ಹಿತ್ತಿಲಿನಲ್ಲಿ ನೆಟ್ಟು ಮುಗಿಸಿದೆ. ಒಟ್ಟು 18. ಚೌತಿ ಕಳೆದ ಮೇಲೆ, ಸೆಪ್ಟೆಂಬರ್ 15ಕ್ಕೆ ಬೀಜ ಹಾಕಿದ್ದೆ. ಇವತ್ತಿಗೆ 35 ದಿನ. ನಾಲ್ಕೈದು ಎಲೆ ಬಿಟ್ಟು, ಕಾಂಡ ಗಟ್ಟಿಯಾಗಿದೆ.

ಈ ಬೀಜದ ಕಥೆಯನ್ನು ಬರೆದಿಡಬೇಕು ಅಂತ ತುಂಬಾ ದಿನದಿಂದ ಇತ್ತು.

ಹೋದ ವರ್ಷ 14 ಗಿಡ ಇದ್ದವು. ಹೂ ಬಿಡುವ ಹೊತ್ತಿಗೆ ಒಂದು ಮಧ್ಯಾಹ್ನ ಎರಡು ಗಿಡ ಬಾಡಿದವು. ನೀರು ಸಾಲಲಿಲ್ಲವೇನೋ ಅಂತ ಇನ್ನೊಂದು ಕೊಡ ಹೊಯ್ದೆ. ಎಲೆ ಹಳದಿಯಾಗಲೂ ಇಲ್ಲ, ಹಸಿರು ಹಸಿರಾಗಿಯೇ ಜೋತುಬಿದ್ದವು. ಪರಿಚಯದ ಕೃಷಿಕರೊಬ್ಬರು ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿಗೆ ತುದಿ ಇಳಿಬಿಟ್ಟು ತೋರಿಸಿದರು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯ ಹಾಗೆ ಬೆಳ್ಳಗೆ ಏನೋ ಇಳಿಯತೊಡಗಿತು. ಸೊರಗು ರೋಗ. ಇದರ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುತ್ತದೆ. ಬೇರಿಗೆ ಗಾಯವಾದರೆ ಒಳಗೆ ಹೋಗಿ, ಗಿಡದೊಳಗೆ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಹರಿಯುವ ನೀರಿನ ಜೊತೆ ಪಕ್ಕದ ಗಿಡಕ್ಕೂ ದಾಟುತ್ತದೆ. ನಾನು ಹೊಯ್ದ ಆ ಕೊಡ ನೀರು ನೆನಪಾಗಿ ಹೊಟ್ಟೆ ಕಿವುಚಿದ ಹಾಗಾಯಿತು. ಎರಡು ವಾರದಲ್ಲಿ 13 ಗಿಡ ಹೋದವು.

ಬಾವಿಕಟ್ಟೆಯ ಪಕ್ಕದ್ದೊಂದು ಉಳಿಯಿತು. ಅದರ ಒಳ್ಳೆಯ ಕಾಯಿಯೊಂದನ್ನು ಅಮ್ಮ ಕೊಯ್ಯಲು ಬಿಡಲಿಲ್ಲ. "ಇದು ಬೀಜಕ್ಕೆ ಇರಲಿ ಮಗಾ" ಅಂದರು. ಹಣ್ಣಾಗಿ ಹಳದಿಯಾಗುವವರೆಗೆ ಗಿಡದಲ್ಲೇ ಬಿಟ್ಟು, ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದರು.

ಒಂದು ಗಿಡ ಬದುಕಿತು ಅಂದ ಮಾತ್ರಕ್ಕೆ ಅದರ ಸಸಿಗಳಿಗೂ ರೋಗ ತಡೆಯುವ ಶಕ್ತಿ ಇದೆ ಅನ್ನೋ ಹಾಗಿಲ್ಲ, ಅದು ಗೊತ್ತು. ರೋಗ ತಡೆಯುವ ಬದನೆಯೇ ಬೇಕಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್ ತಳಿಗಳಿವೆ. ಆದರೆ ಅವು ನೇರಳೆ ಬಣ್ಣದ ಉದ್ದನೆಯವು. ನಮಗೆ ಹುಳಿಗೆ ಬೇಕಾದದ್ದು ಈ ದುಂಡನೆಯ ಹಸಿರು ಗುಳ್ಳ. (ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಹೆಸರು ಅಲ್ಲಿ ಬೆಳೆದದ್ದಕ್ಕೇ ಸಲ್ಲಬೇಕು. ನಮ್ಮದನ್ನು ನಾವು ಸುಮ್ನೆ ಗುಳ್ಳ ಅನ್ನುತ್ತೇವೆ.)

ಹಾಗಾಗಿ ಈ ಸಲ ಜಾಗ ಬದಲಿಸಿದೆ. ಟೊಮೆಟೊ, ಮೆಣಸು, ಬದನೆ ಮೂರೂ ಒಂದೇ ಸಸ್ಯ ಕುಟುಂಬದವು, ಮೂರಕ್ಕೂ ಈ ರೋಗ ಬರುತ್ತದೆ. ಈ ಮೂರೂ ಬೆಳೆಯದ, ಮಳೆಗಾಲದಲ್ಲಿ ಅಲಸಂಡೆ ಹಬ್ಬಿದ್ದ ಜಾಗ ಆರಿಸಿದೆ. ಮಣ್ಣಿಗೆ ಮೊದಲೇ ಸುಣ್ಣ ಸೇರಿಸಿ, ಆಮೇಲೆ ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ಸಾಲು ಏರಿಸಿದೆ. ನಮ್ಮ ಕಡೆ ಅಕ್ಟೋಬರ್‌ನಲ್ಲೂ ಸಂಜೆ ಗುಡುಗಿ ಸುರಿಯುತ್ತದೆ ಅಲ್ವಾ, ಬುಡದಲ್ಲಿ ನೀರು ನಿಲ್ಲಬಾರದು.

ಐದು ದಿನದಿಂದ ಸಸಿಗಳಿಗೆ ನೀರು ಕಡಿಮೆ ಮಾಡಿದ್ದೆ, ಗಟ್ಟಿಯಾಗಲಿ ಅಂತ. ಇವತ್ತು ಮಧ್ಯಾಹ್ನ ಮೂರಕ್ಕೆ ಪಾತಿ ಚೆನ್ನಾಗಿ ನೆನೆಸಿದೆ. ಐದು ಗಂಟೆಗೆ ಬಿಸಿಲು ತಗ್ಗಿದ ಮೇಲೆ ಕೆಲಸ ಶುರು. ಕಾಂಡ ಹಿಡಿದು ಎಳೆಯಲಿಲ್ಲ. ಕತ್ತಿಯ ತುದಿಯಿಂದ ಸುತ್ತಲೂ ಸಡಿಲಿಸಿ, ಮಣ್ಣಿನ ಮುದ್ದೆ ಸಮೇತ ಎತ್ತಿ ಅಡಿಕೆ ಹಾಳೆಯಲ್ಲಿಟ್ಟೆ. ಬೇರಿಗೆ ಗಾಯ ಆಗಬಾರದು ಅನ್ನೋದೊಂದೇ ತಲೆಯಲ್ಲಿತ್ತು. ಅದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಸಾಲಿನಿಂದ ಸಾಲಿಗೆ ಎರಡೂವರೆ ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ. ಪಾತಿಯಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಪೈಪ್ ಹಿಡಿಯಲಿಲ್ಲ. ಒಂದೊಂದು ಗಿಡಕ್ಕೂ ಬೇರೆ ಬೇರೆಯಾಗಿ ಒಂದೊಂದು ಚೆಂಬು ನೀರು. ಕೊನೆಗೆ ಪಡುವಣ ಬದಿಗೆ ತೆಂಗಿನ ಮಡಲಿನ ತುಂಡು ಚುಚ್ಚಿ ನೆರಳು ಮಾಡಿದೆ. ಬೇರು ಹಿಡಿಯುವವರೆಗೆ ಅದು ಇರಲಿ.

ಮಿಕ್ಕ ನಾಲ್ಕು ಸಸಿ ಕುಂಡದಲ್ಲಿವೆ. ಉಳಿದ ಬೀಜವನ್ನು ಅಮ್ಮ ಶೀಶೆಯಲ್ಲಿ ಹಾಕಿ ಮುಚ್ಚಿಟ್ಟಿದ್ದಾರೆ.

ಈಗ ರಾತ್ರಿ ಒಂಬತ್ತು. ಟಾರ್ಚ್ ಹಿಡಿದು ಒಂದು ಸುತ್ತು ಹೋಗಿ ಬಂದೆ. ನೆಟ್ಟಾಗ ಐದು ಸಸಿ ತಲೆ ಬಗ್ಗಿಸಿದ್ದವು. ಮೂರು ಎದ್ದಿವೆ. ಎರಡು ಇನ್ನೂ ಎದ್ದಿಲ್ಲ.